ಸೆಮೆನ್ ಟೆಸ್ಟ್: ನಮ್ಮ ಪೇಟೆಯ ಲ್ಯಾಬ್, ಮೈಸೂರಿನ ಲ್ಯಾಬ್

ಇದು ಎರಡು ಲ್ಯಾಬ್‌ಗಳ ರಿವ್ಯೂ. ಒಂದು ಕೊಡಗಿನ ಪೇಟೆಯೊಂದರ ಸಾಮಾನ್ಯ ಲ್ಯಾಬ್, ಶುಗರ್, ಥೈರಾಯ್ಡ್, ಮೂತ್ರ ಎಲ್ಲ ನೋಡುವಂಥದ್ದು. ಇನ್ನೊಂದು ಮೈಸೂರಿನ ಫರ್ಟಿಲಿಟಿ ಸೆಂಟರ್ ಒಂದರ ಒಳಗಿರುವ ಲ್ಯಾಬ್. ಎರಡು ಕಡೆಯೂ ನಮ್ಮ ಮನೆಯವರ ವೀರ್ಯ ಪರೀಕ್ಷೆ ಆಯಿತು. ಎರಡರ ಹೆಸರೂ ಹಾಕುವುದಿಲ್ಲ. ನಮ್ಮದು ಸಣ್ಣ ಜಿಲ್ಲೆ, ಹೆಸರು ಹಾಕಿದರೆ ವಿಷಯ ಬಿಟ್ಟು ಜನರ ಬಗ್ಗೆ ಮಾತು ಶುರುವಾಗುತ್ತದೆ. ಲ್ಯಾಬಿನಲ್ಲಿ ಏನು ನೋಡಬೇಕು ಅಂತ ಗೊತ್ತಿದ್ದರೆ ನೀವು ಯಾವ ಊರಲ್ಲಿದ್ದರೂ ಸಾಕು. ನಮ್ಮವರನ್ನು ಕೇಳಿಯೇ ಬರೆಯುತ್ತಿದ್ದೇನೆ. "ಬರಿ, ಯಾರಿಗಾದ್ರೂ ಉಪಯೋಗ ಆಗ್ಲಿ" ಅಂದರು.

ಪೇಟೆಯ ಲ್ಯಾಬಿಗೆ ಐದರಲ್ಲಿ ಒಂದು ಸ್ಟಾರ್. ಮೈಸೂರಿನದಕ್ಕೆ ನಾಲ್ಕು.

ಲ್ಯಾಬ್ ವಿಷಯಕ್ಕೆ ಬರುವ ಮೊದಲು ಒಂದು ಮಾತು ಹೇಳಲೇಬೇಕು. ಮದುವೆಯಾಗಿ ಮಕ್ಕಳಾಗಲಿಲ್ಲ ಅಂದರೆ ನಮ್ಮಲ್ಲಿ ಟೆಸ್ಟ್ ಶುರುವಾಗುವುದು ಹೆಂಗಸಿನಿಂದ. ನನಗೂ ಹಾಗೇ ಆಯಿತು. ಥೈರಾಯ್ಡ್, ಪ್ರೊಲ್ಯಾಕ್ಟಿನ್, ಎಎಂಎಚ್ ಅಂತ ರಕ್ತದ ಹಾರ್ಮೋನ್ ಟೆಸ್ಟ್‌ಗಳು, ತಿಂಗಳು ತಿಂಗಳು ಮೊಟ್ಟೆ ನೋಡುವ ಸ್ಕ್ಯಾನಿಂಗ್, ಕೊನೆಗೆ ಗರ್ಭಕೋಶಕ್ಕೆ ಡೈ ಹಾಕಿ ಎಕ್ಸ್‌ರೇ ತೆಗೆಯುವ ಟ್ಯೂಬ್ ಟೆಸ್ಟ್. ಅದರ ನೋವು ಮಾಡಿಸಿಕೊಂಡವರಿಗೇ ಗೊತ್ತು. ಎಲ್ಲಾ ನಾರ್ಮಲ್ ಬಂತು. ಇಷ್ಟೆಲ್ಲ ಆಗುವವರೆಗೆ ಅವರದ್ದೂ ಒಂದು ಟೆಸ್ಟ್ ಮಾಡಿಸೋಣ ಅಂತ ಯಾರೂ ಹೇಳಲಿಲ್ಲ. ಡಾಕ್ಟರೂ ಹೇಳಲಿಲ್ಲ, ಮನೆಯಲ್ಲೂ ಹೇಳಲಿಲ್ಲ. ಹುತ್ತರಿಗೆ ಎಲ್ಲರೂ ಸೇರಿದಾಗ ನನ್ನನ್ನು ಪಕ್ಕಕ್ಕೆ ಕರೆದು "ಡಾಕ್ಟ್ರಿಗೆ ತೋರಿಸ್ತಾ ಇದ್ದೀಯ ಅಲ್ವಾ ಮಗಳೇ" ಅಂತ ಕೇಳಿದ ದೊಡ್ಡಮ್ಮ ಚಿಕ್ಕಮ್ಮಂದಿರು ಎಷ್ಟು ಜನ! ತಲಕಾವೇರಿಗೆ ಹರಕೆ ಹೇಳಿಕೊಂಡವಳು ನಾನು, ಇರ್ಪುವಿನಲ್ಲಿ ಪೂಜೆ ಮಾಡಿಸಿದವಳು ನಾನು. ಅವರನ್ನು ಕೇಳಿದವರು ಒಬ್ಬರೂ ಇಲ್ಲ.

ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಕಡೆಯ ಕಾರಣವೂ ಸೇರಿರುತ್ತದೆ. ಕೆಲವರಲ್ಲಿ ಅದೊಂದೇ ಕಾರಣ. ಇದು ಡಾಕ್ಟರುಗಳಿಗೆ ಹೊಸ ವಿಷಯ ಏನೂ ಅಲ್ಲ. ಒಂದು ವರ್ಷ ಏನೂ ತಡೆ ಇಲ್ಲದೆ ಒಟ್ಟಿಗೆ ಇದ್ದರೂ ಗರ್ಭ ನಿಲ್ಲದಿದ್ದರೆ, ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳಿಗೇ, ಇಬ್ಬರನ್ನೂ ಒಟ್ಟಿಗೇ ಪರೀಕ್ಷೆ ಮಾಡಬೇಕು ಅನ್ನುವುದು ಇವತ್ತಿನ ಪದ್ಧತಿ. ಗಂಡಸಿನ ಟೆಸ್ಟಿಗೆ ಸೂಜಿ ಇಲ್ಲ, ನೋವಿಲ್ಲ, ಅನಸ್ತೇಷಿಯಾ ಇಲ್ಲ, ದುಡ್ಡೂ ಕಡಿಮೆ. ನಾವು ಪೇಟೆಯಲ್ಲಿ ಕೊಟ್ಟಿದ್ದು 400 ರೂಪಾಯಿ, ಮೈಸೂರಿನಲ್ಲಿ 1,200. ನನ್ನ ಸ್ಕ್ಯಾನಿಂಗುಗಳಿಗೆ ಖರ್ಚಾದ ದುಡ್ಡಿನ ಮುಂದೆ ಅದು ಏನೂ ಅಲ್ಲ. ಮೊದಲು ಮಾಡಬೇಕಾದ ಟೆಸ್ಟನ್ನು ನಮ್ಮಲ್ಲಿ ಕೊನೆಗೆ ಮಾಡುತ್ತಾರೆ. ನನಗೆ ಇರುವ ಸಿಟ್ಟು ಇದೇ.

ಈಗ ಪೇಟೆಯ ಲ್ಯಾಬ್.

ಜುಲೈ ತಿಂಗಳು. ಜೋರು ಮಳೆ, ಚಳಿ. ಕೌಂಟರಿನಲ್ಲಿದ್ದ ಹುಡುಗಿ ಒಂದು ಸಣ್ಣ ಬಾಯಿಯ ಬಾಟಲಿ ಕೊಟ್ಟು "ಸರ್, ಇದ್ರಲ್ಲಿ ಕೊಡಿ" ಅಂತ ಹೇಳಿದಳು, ಅಷ್ಟೇ. ಕೊನೆಯ ಸಲ ವೀರ್ಯ ಹೋಗಿ ಎಷ್ಟು ದಿನ ಆಯಿತು ಅಂತ ಕೇಳಲಿಲ್ಲ, ಜ್ವರ ಬಂದಿತ್ತಾ ಅಂತ ಕೇಳಲಿಲ್ಲ. ತೋರಿಸಿದ ಜಾಗ ಪ್ಯಾಸೇಜಿನ ಕೊನೆಯ ಟಾಯ್ಲೆಟ್, ಎಲ್ಲರೂ ಮೂತ್ರದ ಸ್ಯಾಂಪಲ್ ಕೊಡುವ ಅದೇ ಟಾಯ್ಲೆಟ್, ಚಿಲಕ ಸರಿ ಇಲ್ಲ, ಹೊರಗೆ ಎರಡು ಜನ ಕಾಯುತ್ತಿದ್ದಾರೆ, ಅದರಲ್ಲಿ ಒಬ್ಬರು ಬಾಗಿಲು ಬೇರೆ ತಟ್ಟಿದರಂತೆ. ಇಂಥ ಕಡೆ ಒಬ್ಬ ಮನುಷ್ಯ ಹೇಗೆ ಸ್ಯಾಂಪಲ್ ಕೊಡಬೇಕು ಹೇಳಿ. ಹೇಗೋ ಕೊಟ್ಟು ಬಂದು ಕೌಂಟರಿನ ಮೇಲೆ ಇಟ್ಟರು. ಟೆಕ್ನಿಶಿಯನ್ ಊಟಕ್ಕೆ ಹೋಗಿದ್ದರು. ಬಾಟಲಿ ಅಲ್ಲೇ ತಣ್ಣಗಿನ ಕಲ್ಲಿನ ಮೇಲೆ ಕೂತಿತ್ತು. ಆಮೇಲೆ ಒಳಗಿನಿಂದ ಯಾರೋ ಬಂದು "ಸೆಮೆನ್ ಯಾರದ್ದು?" ಅಂತ ಕೂಗಿದರು. ಬೆಂಚಿನ ಮೇಲೆ ನಮ್ಮ ತೋಟದ ಪಕ್ಕದ ತೋಟದವರು ಕೂತಿದ್ದರು. ನಮ್ಮವರ ಮುಖ ಹೇಗಾಗಿರಬೇಡ!

ರಿಪೋರ್ಟ್ ಅರ್ಧ ಪುಟ. ಕೌಂಟ್, ಅಂದರೆ ಒಂದು ಎಂ.ಎಲ್.ನಲ್ಲಿರುವ ವೀರ್ಯಾಣು, 9 ಮಿಲಿಯನ್, ಅವುಗಳ ಓಡಾಟ ಶೇಕಡಾ 15. ಪಕ್ಕದಲ್ಲಿ ನಾರ್ಮಲ್ ಅಂತ 60ರಿಂದ 120 ಮಿಲಿಯನ್ ಅಂತ ಅಚ್ಚಾಗಿತ್ತು. ಸ್ಯಾಂಪಲ್ ಎಷ್ಟು ಗಂಟೆಗೆ ಕೊಟ್ಟರು, ಎಷ್ಟು ಗಂಟೆಗೆ ನೋಡಿದರು, ಎಷ್ಟು ಎಂ.ಎಲ್. ಇತ್ತು ಅನ್ನುವುದು ಒಂದೂ ಇಲ್ಲ. ಆ ಕಾಗದ ನೋಡಿದ ಮೇಲೆ ಅವರು ಊಟ ಸರಿಯಾಗಿ ಮಾಡಲಿಲ್ಲ, ತೋಟದ ಕಡೆ ಹೋಗುವುದನ್ನೂ ಬಿಟ್ಟರು. ಒಂದು ಕೆಟ್ಟ ರಿಪೋರ್ಟ್ ಮನೆಯೊಳಗೆ ಏನು ಮಾಡುತ್ತದೆ ಅಂತ ಆ ಲ್ಯಾಬಿನವರಿಗೆ ಗೊತ್ತಿದ್ದರೆ ಬಾಟಲಿಯನ್ನು ಹಾಗೆ ಬಿಟ್ಟು ಊಟಕ್ಕೆ ಹೋಗುತ್ತಿರಲಿಲ್ಲ.

ಇದರಲ್ಲಿ ತಪ್ಪು ಏನು ಅಂತ ನಮಗೆ ಗೊತ್ತಾಗಿದ್ದು ಮೈಸೂರಿಗೆ ಹೋದ ಮೇಲೆ. ವೀರ್ಯ ಹೊರಗೆ ಬಂದ ಕೂಡಲೇ ಗಟ್ಟಿ ಲೋಳೆಯ ಹಾಗೆ ಇರುತ್ತದೆ, ಸಾಮಾನ್ಯವಾಗಿ 15ರಿಂದ 60 ನಿಮಿಷದೊಳಗೆ ನೀರಾಗುತ್ತದೆ. ನೀರಾದ ಮೇಲೆ ನೋಡಬೇಕು, ಆದರೆ ಒಂದು ಗಂಟೆ ದಾಟಬಾರದು. ದಾಟಿದರೆ ಜೀವ ಇರುವ ವೀರ್ಯಾಣುಗಳೂ ಸುಸ್ತಾಗಿ ನಿಲ್ಲುತ್ತವೆ. ಚಳಿಯಲ್ಲಿ ಇಟ್ಟರೂ ಓಡಾಟ ಕಡಿಮೆ ಆಗುತ್ತದೆ. ಹಾಗಾಗಿ ಪೇಟೆಯ ಲ್ಯಾಬ್ ಬರೆದ ಶೇಕಡಾ 15 ನಮ್ಮವರ ಸ್ಥಿತಿಯೋ, ಅಲ್ಲಿನ ಕಲ್ಲಿನ ತಂಪೋ, ಟೆಕ್ನಿಶಿಯನ್ ಅವರ ಊಟದ ಹೊತ್ತೋ, ಹೇಳಲಿಕ್ಕೆ ಆಗುವುದಿಲ್ಲ. ಒಂದು ಸ್ಟಾರ್ ಕೊಟ್ಟಿದ್ದು ರಿಪೋರ್ಟ್ ಅದೇ ದಿನ ಕೈಗೆ ಸಿಕ್ಕಿತು ಅನ್ನುವುದಕ್ಕೆ.

ಮೈಸೂರು. ಗೋಣಿಕೊಪ್ಪ, ತಿತಿಮತಿ, ಹುಣಸೂರು ದಾರಿ, ಬೆಳಿಗ್ಗೆ ಕತ್ತಲೆಯಲ್ಲೇ ಹೊರಟೆವು. ತಿತಿಮತಿ ಕಾಡಿನ ದಾರಿಯಲ್ಲಿ ಆನೆ ಇದ್ದರೆ ಕಾಯಬೇಕು, ಅಪಾಯಿಂಟ್ಮೆಂಟ್ ತೆಗೆದುಕೊಳ್ಳುವಾಗ ಆ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಿರಿ.

ಅಲ್ಲಿ ಮೊದಲು ಒಂದು ಫಾರಂ ಕೊಟ್ಟರು. ಕೊನೆಯ ಸಲ ವೀರ್ಯ ಹೋಗಿ ಎಷ್ಟು ದಿನ ಆಯಿತು, ಹಿಂದಿನ ಮೂರು ತಿಂಗಳಲ್ಲಿ ಜೋರು ಜ್ವರ ಬಂದಿತ್ತಾ, ಯಾವ ಮಾತ್ರೆ ತಗೊಳ್ತೀರಿ, ಜಿಮ್ಮಿಗೆ ಹೋಗಿ ಇಂಜೆಕ್ಷನ್ ಏನಾದರೂ ಹಾಕಿಸಿಕೊಂಡಿದ್ದೀರಾ, ದೊಡ್ಡವರಾದ ಮೇಲೆ ಮಂಗನಬಾವು ಬಂದಿತ್ತಾ, ಹರ್ನಿಯಾ ಆಪರೇಷನ್ ಆಗಿದೆಯಾ, ಸಿಗರೇಟು, ಕುಡಿತ. ಸ್ಯಾಂಪಲ್ ಕೊಡುವ ಮೊದಲು 2ರಿಂದ 7 ದಿನ ಬಿಟ್ಟಿರಬೇಕು. ಕಡಿಮೆ ಆದರೆ ಕೌಂಟ್ ಕಡಿಮೆ ತೋರಿಸುತ್ತದೆ. ಜಾಸ್ತಿ ದಿನ ಆದರೆ ಕೌಂಟ್ ಜಾಸ್ತಿ ಕಾಣುತ್ತದೆ, ಓಡಾಟ ಕೆಡುತ್ತದೆ. ನಮ್ಮ ಕೊಡಗಿನಲ್ಲಿ ಮಿಲಿಟರಿಯಲ್ಲಿರುವವರು ತುಂಬಾ ಜನ, ಅವರು ರಜೆಗೆ ಬಂದ ಮಾರನೇ ದಿನವೇ ಲ್ಯಾಬಿಗೆ ಓಡಬೇಡಿ, ಈ ಲೆಕ್ಕ ನೋಡಿಕೊಂಡು ಹೋಗಿ.

ಸ್ಯಾಂಪಲ್ ರೂಮ್ ಬೇರೆಯೇ. ಒಳಗಿನಿಂದ ಲಾಕ್, ಕೈ ತೊಳೆಯಲು ಬೇಸಿನ್, ಗೋಡೆಯ ಮೇಲೆ ಕನ್ನಡದಲ್ಲೇ ಸೂಚನೆ. ಸೋಪು, ಎಣ್ಣೆ, ಎಂಜಲು ಏನೂ ತಾಗಬಾರದು, ಸಾಮಾನ್ಯ ಕಾಂಡೋಮ್ ಬಳಸಬಾರದು, ಅದರಲ್ಲಿರುವ ವಸ್ತು ವೀರ್ಯಾಣುವನ್ನು ಕೊಲ್ಲುತ್ತದೆ. ಎಲ್ಲಾ ವೀರ್ಯ ಡಬ್ಬಿಯೊಳಗೇ ಬೀಳಬೇಕು. ಮೊದಲ ಹನಿಗಳಲ್ಲೇ ವೀರ್ಯಾಣು ಜಾಸ್ತಿ ಇರುವುದು, ಅದು ಚೆಲ್ಲಿದ್ದರೆ ನಾಚಿಕೆ ಬಿಟ್ಟು ಹೇಳಿ, ಇನ್ನೊಂದು ದಿನ ಮಾಡೋಣ ಅಂತ ಟೆಕ್ನಿಶಿಯನ್ ಹೇಳಿದರಂತೆ. ಡಬ್ಬಿ ಅಗಲ ಬಾಯಿಯದು, ಹೆಸರು ಮತ್ತು ಹೊತ್ತು ಬರೆದ ಚೀಟಿ ಅಂಟಿಸಿದ್ದು. ಗೋಡೆಯಲ್ಲಿ ಒಂದು ಸಣ್ಣ ಕಿಟಕಿ, ಡಬ್ಬಿ ಅಲ್ಲಿಟ್ಟರೆ ಆ ಕಡೆಯಿಂದ ತೆಗೆದುಕೊಳ್ಳುತ್ತಾರೆ. ಯಾರೂ ಯಾರ ಹೆಸರನ್ನೂ ಕೂಗುವುದಿಲ್ಲ. ಇದೊಂದು ಕಿಟಕಿಗೆ ಎಷ್ಟು ಖರ್ಚಾದೀತು? ನಮ್ಮ ಪೇಟೆಯ ಲ್ಯಾಬಿನವರೂ ಮಾಡಿಸಬಹುದು.

ಆ ಟೆಕ್ನಿಶಿಯನ್ ಬಗ್ಗೆ ಬರೆಯಲೇಬೇಕು. ಇನ್ನೂ ಚಿಕ್ಕ ವಯಸ್ಸು. ನಾವು ಕೇಳಿದ್ದಕ್ಕೆ ಬೇಸರ ಮಾಡಿಕೊಳ್ಳದೆ ಹೇಳಿದರು. ಡಬ್ಬಿಯನ್ನು ದೇಹದ ಬಿಸಿಯಷ್ಟೇ ಬಿಸಿ ಇರುವ ಪೆಟ್ಟಿಗೆಯಲ್ಲಿ ಇಡುತ್ತಾರೆ. ನೀರಾದ ಮೇಲೆ ಗೆರೆ ಹಾಕಿದ ಗಾಜಿನ ಚೌಕದಲ್ಲಿ ಹಾಕಿ, ನ್ಯೂಬಾಯರ್ ಚೇಂಬರ್ ಅಂತ ಅದರ ಹೆಸರು, ಕನಿಷ್ಠ ಇನ್ನೂರು ವೀರ್ಯಾಣು ಎಣಿಸುತ್ತಾರೆ, ಮತ್ತೆ ಇನ್ನೊಂದು ಸಲ ಎಣಿಸಿ ಎರಡೂ ಹೊಂದುತ್ತದಾ ನೋಡುತ್ತಾರೆ. ಪರದೆಯ ಮೇಲೆ ನಮಗೂ ತೋರಿಸಿದರು. ಕೆಲವು ನೇರ ಓಡುತ್ತವೆ, ಕೆಲವು ನಿಂತಲ್ಲೇ ಬಾಲ ಆಡಿಸುತ್ತವೆ, ಕೆಲವು ಸುಮ್ನೆ ಬಿದ್ದಿರುತ್ತವೆ. ನಮ್ಮವರು ಅಲ್ಲಿಯೇ ನಿಂತು ಬಹಳ ಹೊತ್ತು ನೋಡಿದರು. ಅವರು ಸ್ವಲ್ಪ ನಗುತ್ತಾ ಮಾತಾಡಿದ್ದು ಆವತ್ತೇ.

ರಿಪೋರ್ಟ್ ಓದುವ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಜನ ಹೆದರುವುದು ಇಲ್ಲೇ. ವಿಶ್ವ ಆರೋಗ್ಯ ಸಂಸ್ಥೆ ಈ ಪರೀಕ್ಷೆಗೆ ಒಂದು ಕೈಪಿಡಿ ತರುತ್ತದೆ, ಮೊದಲನೆಯದು 1980ರಲ್ಲಿ ಬಂತು, ಆರನೆಯದು 2021ರಲ್ಲಿ. ಅದರ ಪ್ರಕಾರ ಕೆಳಗಿನ ಗಡಿ ಹೀಗಿದೆ: ವೀರ್ಯ 1.4 ಎಂ.ಎಲ್., ಒಂದು ಎಂ.ಎಲ್.ನಲ್ಲಿ 16 ಮಿಲಿಯನ್ ಅಂದರೆ 1.6 ಕೋಟಿ ವೀರ್ಯಾಣು, ಒಟ್ಟು ಸ್ಯಾಂಪಲಿನಲ್ಲಿ 39 ಮಿಲಿಯನ್, ಅದರಲ್ಲಿ ಶೇಕಡಾ 42 ಅಲುಗಾಡಬೇಕು, ಶೇಕಡಾ 30 ಮುಂದಕ್ಕೆ ಓಡಬೇಕು. ಸರಿಯಾದ ಆಕಾರದವು ಶೇಕಡಾ 4 ಇದ್ದರೆ ಸಾಕು. ಹೌದು, ನಾಲ್ಕೇ. "ಆಕಾರ 4 ಪರ್ಸೆಂಟ್" ಅಂತ ನೋಡಿ ಅತ್ತವರು ನನಗೆ ಗೊತ್ತು. ಅದು ಗಡಿಯೊಳಗೇ ಇದೆ, ಅಳಬೇಡಿ.

ಈ ಗಡಿ ಎಲ್ಲಿಂದ ಬಂತು ಅಂದರೆ, ಒಂದು ವರ್ಷದೊಳಗೆ ಹೆಂಡತಿ ಗರ್ಭಿಣಿಯಾದ ಮೂರೂವರೆ ಸಾವಿರ ಗಂಡಸರ ವೀರ್ಯ ನೋಡಿ, ಅವರಲ್ಲಿ ನೂರಕ್ಕೆ ತೊಂಬತ್ತೈದು ಜನ ಯಾವ ಸಂಖ್ಯೆಯ ಮೇಲೆ ಇದ್ದರೋ ಅದನ್ನು ಗಡಿ ಅಂತ ಇಟ್ಟರು. ಅಂದರೆ ನೂರಕ್ಕೆ ಐದು ಅಪ್ಪಂದಿರು ಅದಕ್ಕಿಂತ ಕೆಳಗೇ ಇದ್ದವರು. ಗಡಿಯ ಕೆಳಗೆ ಇದ್ದರೆ ಮಕ್ಕಳೇ ಆಗುವುದಿಲ್ಲ ಅಂತಲ್ಲ, ಮೇಲೆ ಇದ್ದರೆ ಆಗಿಯೇ ಆಗುತ್ತದೆ ಅಂತಲೂ ಅಲ್ಲ. ಪೇಟೆಯ ಲ್ಯಾಬಿನ 60ರಿಂದ 120 ಈ ಲೆಕ್ಕಕ್ಕೆ ಹತ್ತಿರವೂ ಇಲ್ಲ. ಅಂಥ ಹಳೇ ಫಾರಂ ಇಟ್ಟುಕೊಂಡು ಜನರನ್ನು ಯಾಕೆ ಹೆದರಿಸಬೇಕು?

ನಮ್ಮವರ ಮೈಸೂರಿನ ರಿಪೋರ್ಟಿನಲ್ಲಿ 2.6 ಎಂ.ಎಲ್., ಕೌಂಟ್ 12 ಮಿಲಿಯನ್, ಮುಂದಕ್ಕೆ ಓಡುವವು ಶೇಕಡಾ 24. ಕಡಿಮೆಯೇ, ಆದರೆ ಮೊದಲಿನಷ್ಟು ಕೆಟ್ಟದಿಲ್ಲ. ಒಂದೇ ಟೆಸ್ಟ್ ನಂಬಬೇಡಿ, ಕೆಲವು ವಾರ ಬಿಟ್ಟು ಮತ್ತೆ ಮಾಡೋಣ ಅಂದರು. ಒಬ್ಬನೇ ಮನುಷ್ಯನ ಕೌಂಟ್ ಕೂಡ ಒಂದು ವಾರದಿಂದ ಇನ್ನೊಂದು ವಾರಕ್ಕೆ ತುಂಬಾ ಬದಲಾಗುತ್ತದೆ. ಮತ್ತೆ, ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಬೇಕು. ಈ ವರ್ಷದ ಕಾಫಿ ಫಸಲು ಮಾರ್ಚಿನ ಹೂಮಳೆಯ ಮೇಲೆ ನಿಂತ ಹಾಗೆ, ಇವತ್ತಿನ ರಿಪೋರ್ಟ್ ನಿಂತಿರುವುದು ಎರಡು ಮೂರು ತಿಂಗಳ ಹಿಂದಿನ ಆರೋಗ್ಯದ ಮೇಲೆ. ಮಳೆಗಾಲದಲ್ಲಿ ಜೋರು ಜ್ವರ ಬಂದು ಹೋಗಿದ್ದರೆ ಸೆಪ್ಟೆಂಬರಿನ ರಿಪೋರ್ಟಿನಲ್ಲಿ ಅದು ಕಾಣಬಹುದು. ಸಿಗರೇಟು ಬಿಟ್ಟ ಮಾರನೇ ವಾರ ಟೆಸ್ಟ್ ಮಾಡಿಸಿ ಏನೂ ಬದಲಾಗಲಿಲ್ಲ ಅಂತ ಬೇಸರ ಪಟ್ಟುಕೊಳ್ಳುವುದರಲ್ಲಿ ಅರ್ಥ ಇಲ್ಲ.

ಎರಡನೇ ಸಲವೂ ಹೆಚ್ಚುಕಮ್ಮಿ ಅದೇ ಬಂತು. ಆಗ ಯುರಾಲಜಿ ಡಾಕ್ಟರ್ ನಮ್ಮವರನ್ನು ನಿಲ್ಲಿಸಿ ಕೈಯಲ್ಲಿ ಪರೀಕ್ಷೆ ಮಾಡಿದರು. ಎಡಗಡೆ ವ್ಯಾರಿಕೋಸೀಲ್. ಬೀಜದ ಮೇಲಿನ ರಕ್ತನಾಳ ಊದಿಕೊಂಡು ಅಲ್ಲಿ ಬಿಸಿ ಜಾಸ್ತಿ ಆಗುವುದು. ನೂರು ಗಂಡಸರಲ್ಲಿ ಸುಮಾರು 15 ಜನರಿಗೆ ಇದು ಇರುತ್ತದೆ, ಮಕ್ಕಳಾಗಲಿಲ್ಲ ಅಂತ ಬರುವ ಗಂಡಸರಲ್ಲಿ ನೂರಕ್ಕೆ 35ರಿಂದ 40. ಹೆಚ್ಚಿನವರಿಗೆ ನೋವೂ ಇರುವುದಿಲ್ಲ, ಗೊತ್ತೂ ಆಗುವುದಿಲ್ಲ. ಐದು ನಿಮಿಷದ ಪರೀಕ್ಷೆ. ಅಷ್ಟು ವರ್ಷ ನಾನು ಸ್ಕ್ಯಾನಿಂಗ್ ಟೇಬಲ್ ಮೇಲೆ ಮಲಗಿದ್ದಾಗ ಈ ಐದು ನಿಮಿಷ ಯಾರ ಹತ್ತಿರವೂ ಇರಲಿಲ್ಲ.

ಕೈಗೆ ಸಿಗುವಂಥ ವ್ಯಾರಿಕೋಸೀಲ್ ಇದ್ದು, ವೀರ್ಯದ ರಿಪೋರ್ಟೂ ಕಡಿಮೆ ಇದ್ದರೆ ಆಪರೇಷನ್ ಯೋಚನೆ ಮಾಡಬಹುದು. ಬರೀ ಸ್ಕ್ಯಾನಿಂಗಿನಲ್ಲಿ ಮಾತ್ರ ಕಾಣುವ ಸಣ್ಣದಕ್ಕೆ ಬೇಡ ಅಂದರು. ನಮ್ಮವರಿಗೆ ಮೈಕ್ರೋಸ್ಕೋಪ್ ಇಟ್ಟು ಮಾಡಿದರು, ಮಾರನೇ ದಿನ ಮನೆಗೆ ಬಂದೆವು. ಕೆಲವು ತಿಂಗಳಾದ ಮೇಲಿನ ಟೆಸ್ಟಿನಲ್ಲಿ ಕೌಂಟ್ 21 ಮಿಲಿಯನ್, ಓಡುವವು ಶೇಕಡಾ 35. ಇನ್ನೂ ಸಿಹಿ ಸುದ್ದಿ ಇಲ್ಲ. ಆದರೆ ಈಗ ನಾವಿಬ್ಬರೂ ಒಟ್ಟಿಗೆ ಡಾಕ್ಟರ ಮುಂದೆ ಕೂರುತ್ತೇವೆ. ಅತ್ತೆಯೂ ಈಗ ನನ್ನೊಬ್ಬಳನ್ನೇ ಕೇಳುವುದು ಬಿಟ್ಟಿದ್ದಾರೆ.

ಮೈಸೂರಿನದಕ್ಕೆ ಐದು ಸ್ಟಾರ್ ಯಾಕೆ ಇಲ್ಲ ಅಂದರೆ, ಲ್ಯಾಬ್ ಚೆನ್ನಾಗಿದೆ, ಕೌನ್ಸೆಲರ್ ಅಂತ ಕೂತಿರುವವರು ಚೆನ್ನಾಗಿಲ್ಲ. ಎರಡನೇ ಟೆಸ್ಟ್ ಬರುವ ಮೊದಲೇ ಐವಿಎಫ್ (ಮೊಟ್ಟೆ, ವೀರ್ಯಾಣು ಎರಡನ್ನೂ ಲ್ಯಾಬಿನಲ್ಲಿ ಸೇರಿಸುವ ಚಿಕಿತ್ಸೆ) ಪ್ಯಾಕೇಜಿನ ಹಾಳೆ ತೆಗೆದು ಮುಂದಿಟ್ಟರು, ಈ ತಿಂಗಳೊಳಗೆ ಕಟ್ಟಿದರೆ ರಿಯಾಯಿತಿ ಅಂತೆ. ಗಂಡಸನ್ನು ಕೈಮುಟ್ಟಿ ಪರೀಕ್ಷೆ ಮಾಡದೆ ಐವಿಎಫ್ ಮಾತು ಎತ್ತಿದರೆ ಎದ್ದು ಬನ್ನಿ. ವೀರ್ಯಾಣು ತುಂಬಾ ಕಡಿಮೆ ಇರುವವರಿಗೆ ಇಕ್ಸಿ ಅನ್ನುವ ದಾರಿ 1992ರಿಂದ ಇದೆ, ಒಂದೇ ವೀರ್ಯಾಣುವನ್ನು ಮೊಟ್ಟೆಯೊಳಗೆ ಚುಚ್ಚುವುದು, ಅದು ಎಷ್ಟೋ ಮನೆಗಳಿಗೆ ಮಗು ಕೊಟ್ಟಿದೆ, ಅದನ್ನು ಬೇಡ ಅನ್ನುತ್ತಿಲ್ಲ. ಬೇಕಾದವರಿಗೆ ಬೇಕಾದಾಗ ಆಗಲಿ. ಅಂಥ ಚಿಕಿತ್ಸೆ ಮಾಡುವ ಕ್ಲಿನಿಕ್‌ಗಳು 2021ರ ಕಾಯ್ದೆ ಪ್ರಕಾರ ನೋಂದಣಿ ಆಗಿರಲೇಬೇಕು, ಸರ್ಟಿಫಿಕೇಟ್ ತೋರಿಸಿ ಅಂತ ಕೇಳಿ.

ಒಂದು ವಿಷಯ ಗಂಡಸರಿಗೆ. ಕೌಂಟಿಗೂ ಗಂಡಸುತನಕ್ಕೂ ಸಂಬಂಧ ಇಲ್ಲ. ವೀರ್ಯದಲ್ಲಿ ಬಹುಪಾಲು ಬೇರೆ ಗ್ರಂಥಿಗಳ ನೀರೇ, ವೀರ್ಯಾಣುವಿನ ಪಾಲು ಬಹಳ ಸಣ್ಣದು. ಒಂದೂ ವೀರ್ಯಾಣು ಇಲ್ಲದವರ ವೀರ್ಯವೂ ನೋಡಲು ಎಲ್ಲರ ಹಾಗೇ ಇರುತ್ತದೆ, ನೂರು ಗಂಡಸರಲ್ಲಿ ಸುಮಾರು ಒಬ್ಬರಿಗೆ ಹಾಗಿರುತ್ತದೆ. "ನಂಗೆ ಏನೂ ತೊಂದ್ರೆ ಇಲ್ಲ, ಎಲ್ಲಾ ಸರಿ ಇದೆ" ಅಂತ ಹೇಳಿ ಟೆಸ್ಟ್ ತಪ್ಪಿಸಿಕೊಳ್ಳುವವರು ಇದನ್ನು ತಿಳಿಯಬೇಕು. ರಿಪೋರ್ಟಿನಲ್ಲಿ ಸೊನ್ನೆ ಅಂತ ಬಂದರೂ ಅಲ್ಲಿಗೆ ಮುಗಿಯಲಿಲ್ಲ, ದಾರಿ ಕಟ್ಟಿಕೊಂಡಿದೆಯಾ ಅಥವಾ ತಯಾರೇ ಆಗುತ್ತಿಲ್ಲವಾ ಅಂತ ಹಾರ್ಮೋನ್ ಟೆಸ್ಟ್, ಜೆನೆಟಿಕ್ ಟೆಸ್ಟ್ ಮಾಡಿ ನೋಡುತ್ತಾರೆ. ಮತ್ತೆ ಜಿಮ್ಮಿನಲ್ಲಿ ಮೈ ಬೆಳೆಸಲು ಟೆಸ್ಟೋಸ್ಟೆರಾನ್ ಚುಚ್ಚಿಸಿಕೊಳ್ಳುವ ಹುಡುಗರೇ, ಅದು ವೀರ್ಯಾಣು ತಯಾರಿಯನ್ನೇ ನಿಲ್ಲಿಸುತ್ತದೆ. ಬಸ್ ಸ್ಟ್ಯಾಂಡಿನ ಗೋಡೆಯ ಮೇಲೆ ಬರೆದ ಲೇಹ್ಯದ ನಂಬರಿಗೆ ಫೋನ್ ಮಾಡಬೇಡಿ. ದುಬಾರಿ ಆಂಟಿಆಕ್ಸಿಡೆಂಟ್ ಮಾತ್ರೆಗಳಿಂದಲೂ ಪ್ರಯೋಜನ ಕಾಣಲಿಲ್ಲ ಅಂತ 2020ರಲ್ಲಿ ಅಮೆರಿಕದ ಒಂದು ಅಧ್ಯಯನ ಹೇಳಿದೆ.

ತೋಟದವರಿಗೆ ಇನ್ನೊಂದು. 1977ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಕಾರ್ಖಾನೆಯಲ್ಲಿ ಡಿಬಿಸಿಪಿ ಅನ್ನುವ, ಬೇರಿನ ಹುಳಕ್ಕೆ ಹಾಕುವ ಔಷಧಿ ತಯಾರಿಸುತ್ತಿದ್ದ ಕೆಲಸಗಾರರು ತಮಗ್ಯಾರಿಗೂ ಮಕ್ಕಳಾಗುತ್ತಿಲ್ಲ ಅಂತ ತಾವೇ ಮಾತಾಡಿಕೊಂಡು ಟೆಸ್ಟ್ ಮಾಡಿಸಿದರು. ಎಷ್ಟೋ ಜನರ ವೀರ್ಯದಲ್ಲಿ ವೀರ್ಯಾಣುವೇ ಇರಲಿಲ್ಲ. ಎಲ್ಲ ಔಷಧಿಯೂ ಹಾಗೇ ಅಂತ ನಾನು ಹೇಳುತ್ತಿಲ್ಲ. ಆದರೆ ನಮ್ಮಲ್ಲಿ ಮಾಸ್ಕ್ ಇಲ್ಲದೆ, ಗ್ಲೌಸ್ ಇಲ್ಲದೆ, ಬರಿಗೈಯಲ್ಲಿ ಕಲಸಿ ಸ್ಪ್ರೇ ಹೊಡೆಯುವುದನ್ನು ನೋಡಿದರೆ ನನಗೆ ಭಯ ಆಗುತ್ತದೆ. ಮನೆಯವರಿಗೆ ಹೇಳುವುದನ್ನೇ ತೋಟದ ಲೈನ್‌ಮನೆಗಳಲ್ಲಿರುವ ಕೆಲಸದವರಿಗೂ ಹೇಳಿ, ಅವರಿಗೂ ಗ್ಲೌಸ್ ಕೊಡಿ.

ಮನೆಯಿಂದಲೇ ಸ್ಯಾಂಪಲ್ ತರಬಹುದಾ ಅಂತ ಕೇಳುವವರಿಗೆ: ಅರ್ಧ ಗಂಟೆಯಿಂದ, ಹೆಚ್ಚೆಂದರೆ ಮುಕ್ಕಾಲು ಗಂಟೆಯೊಳಗೆ ಲ್ಯಾಬಿಗೆ ಮುಟ್ಟಿಸಲು ಆಗುವುದಾದರೆ ತನ್ನಿ. ಡಬ್ಬಿ ಲ್ಯಾಬಿನದ್ದೇ ಇರಲಿ, ಮೊದಲೇ ಹೋಗಿ ತಂದಿಟ್ಟುಕೊಳ್ಳಿ. ಶರ್ಟಿನ ಒಳಗೆ ಮೈಗೆ ತಾಗಿಸಿ ಇಟ್ಟುಕೊಂಡು ಬನ್ನಿ, ಬ್ಯಾಗಿನಲ್ಲಿ ಹಾಕಬೇಡಿ, ಜೀಪಿನ ಡ್ಯಾಶ್‌ಬೋರ್ಡ್ ಮೇಲೆ ಇಡಬೇಡಿ, ಐಸ್ ಅಂತೂ ಬೇಡವೇ ಬೇಡ. ಭಾಗಮಂಡಲದ ಕಡೆಯವರು ಮಳೆಗಾಲದಲ್ಲಿ ಮಡಿಕೇರಿಗೆ ಹಾಗೆ ತರುವುದು ಆಗದ ಮಾತು. ಲ್ಯಾಬಿನಲ್ಲೇ ಕೊಡಿ, ಇಲ್ಲವಾದರೆ ಪೇಟೆಯಲ್ಲಿ ನೆಂಟರ ಮನೆಯೋ ಲಾಡ್ಜ್ ರೂಮೋ ನೋಡಿಕೊಳ್ಳಿ.

ಹೋಗುವ ಮೊದಲು ಫೋನ್ ಮಾಡಿ. ಬೇರೆ ರೂಮ್ ಇದೆಯಾ, ಸ್ಯಾಂಪಲ್ ಕೊಟ್ಟು ಒಂದು ಗಂಟೆಯೊಳಗೆ ನೋಡುತ್ತೀರಾ, ನೋಡುವವರು ಆ ಹೊತ್ತಿಗೆ ಲ್ಯಾಬಿನಲ್ಲೇ ಇರುತ್ತಾರಾ, ರಿಪೋರ್ಟಿನಲ್ಲಿ ಹೊತ್ತು ಮತ್ತು ಎಂ.ಎಲ್. ಬರೆಯುತ್ತೀರಾ ಅಂತ ಕೇಳಿ. ನಾನು ಮೊನ್ನೆ ನಮ್ಮ ಪೇಟೆಯ ಅದೇ ಲ್ಯಾಬಿಗೆ ಹೋಗಿ ಇದೆಲ್ಲ ಒಂದು ಹಾಳೆಯಲ್ಲಿ ಬರೆದು ಮಾಲೀಕರ ಕೈಗೆ ಕೊಟ್ಟು ಬಂದಿದ್ದೇನೆ. ಕೂರಿಸಿ ಓದಿದರು, ಟಾಯ್ಲೆಟಿನ ಚಿಲಕ ಆ ವಾರವೇ ಸರಿ ಮಾಡಿಸುತ್ತೇನೆ ಅಂದರು. ಮಾಡಿಸಿದ್ದರೆ ಇಲ್ಲೇ ಬಂದು ಇನ್ನೊಂದು ಸ್ಟಾರ್ ಸೇರಿಸುತ್ತೇನೆ.